ಟಾಕಿ ಓಣಿಯ ಬಲಪಕ್ಕೆ

ನಮ್ಮ ಊರಲ್ಲಿ ಯಾರನ್ನೂ ಬಾಯಿಮಾತಿಗೆ ‘ಎಲ್ಲಿ ನೋವು’ ಎಂದು ಕೇಳುವ ಹಾಗಿಲ್ಲ. ಕೇಳಿದವರು ನೋವಿರುವ ಕಡೆ ಕೈಯಿಡಬೇಕು, ಕೈಯಿಟ್ಟರೆ ಅದರಲ್ಲೊಂದು ಪಾಲು ಅವರಿಗೆ ಬರುತ್ತದೆ. ಚಹಾದಂಗಡಿಯಲ್ಲಿ ಒಬ್ಬನಿಗೆ ಹಲ್ಲುನೋವಾದರೆ ಅಲ್ಲಿ ಕೂತವರೆಲ್ಲ ಸ್ವಲ್ಪ ಸ್ವಲ್ಪ ಹಂಚಿಕೊಂಡು, ಬಿಸಿ ಚಹಾ ಕುಡಿಯಲಾಗದೆ ಬಸಿಯನ್ನು ಊದುತ್ತ ಕೂರುತ್ತಾರೆ. ನಮ್ಮ ಓಣಿಯ ಹಿರಿಯ ಮೈಲಾರಪ್ಪ ಹೆಂಡತಿಯ ಮೊದಲ ಹೆರಿಗೆಯಲ್ಲಿ ಧೈರ್ಯ ಮಾಡಿ ಕೈಯಿಟ್ಟಿದ್ದ. ಆ ಮನೆಯಲ್ಲಿ ಅವತ್ತು ಕೂಸಿಗಿಂತ ಜೋರಾಗಿ ಅತ್ತವನು ಅವನೇ ಎಂದು ನಾನು ಈಗಲೂ ಆಡಿಕೊಳ್ಳುತ್ತೇನೆ. ತಿರುಗಿ ತಿರುಗಿ ಕೇಳದಿದ್ದರೆ ಪಾಲು ಕೆಲವು ದಿನಗಳಲ್ಲಿ ತನ್ನ ಒಡೆಯರ ಬಳಿಗೆ ಹೋಗಿಬಿಡುತ್ತದೆ. ಅದಕ್ಕೇ ನಮ್ಮಲ್ಲಿ ಜನ ದಿನವೂ ಒಬ್ಬರನ್ನೊಬ್ಬರು ಕೇಳುತ್ತಾರೆ.

ಇದಕ್ಕೊಂದು ಮರ್ಯಾದೆಯೂ ಇದೆ. ನನ್ನನ್ನು ಕೇಳಿ ಎಂದು ಯಾರೂ ಬಾಯಿಬಿಟ್ಟು ಬೇಡುವುದಿಲ್ಲ. ತೆಗೆದುಕೊಂಡವರೂ ಯಾರ ನೋವು ತಮ್ಮ ಮೈಯಲ್ಲಿದೆ ಎಂದು ಹೇಳುವುದಿಲ್ಲ. ಹೇಳಿದರೆ ಉಪಕಾರ ಹೋಗಿ ಜಂಬವಾಗುತ್ತದೆ. ಹೀಗೆ ಕೈಯಿಂದ ಕೈಗೆ ದಾಟಿದ ನೋವು ಎಲ್ಲಿಂದ ಹೊರಟಿತು ಎಂದು ಯಾರಿಗೂ ನೆನಪಿರುವುದಿಲ್ಲ. ನೆನಪಿಡುವುದು ಸಣ್ಣತನ ಎಂದೇ ನಮ್ಮನ್ನು ಬೆಳೆಸಿದ್ದರು.

ನನ್ನ ಹೆಸರು ಫಕೀರವ್ವ. ಟಾಕಿ ಓಣಿಯ ಮೂಲೆಯಲ್ಲಿರುವ ಹಿಟ್ಟಿನ ಗಿರಣಿ ನನ್ನದು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ದನಿ ಜಗಳಗಂಟಿಯ ದನಿಯಾಗಿದೆ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಗಿರಣಿ ಹಾಕುವ ಮೊದಲೂ ನಾನು ಹೀಗೇ ಇದ್ದೆ. ನನ್ನ ತಂಗಿ ಲೀಲಾ ಮಾತ್ರ ಬೇರೆ ಮಣ್ಣಿನವಳು. ಗಂಡ ತೀರಿಕೊಂಡ ಮೇಲೆ ನಗರಸಭೆಯವರು ಅವಳನ್ನು ಓಣಿಯ ನೀರುಗಂಟಿಯಾಗಿ ಇಟ್ಟುಕೊಂಡಿದ್ದರು. ಓಣಿಯ ನಡುವೆ ನೀರಿನ ಟಾಕಿ, ಟಾಕಿಯ ಬುಡದಲ್ಲಿ ನಳಗಳು, ನಳಗಳ ಪಕ್ಕದಲ್ಲಿ ಅವಳಿಗೊಂದು ಕೋಣೆ. ಬೆಳಿಗ್ಗೆ ಅವಳು ಚಾವಿ ತಿರುಗಿಸಿ ನೀರು ಬಿಡಬೇಕು, ಕೊಡಗಳ ಸಾಲು ಕೆಡದಂತೆ ನೋಡಿಕೊಳ್ಳಬೇಕು. ಸಾಲಿನಲ್ಲಿ ಬಂದವರೆಲ್ಲ ಕೊಡ ಇಟ್ಟು ಮೊದಲು ಅವಳನ್ನು ಮಾತಾಡಿಸುತ್ತಿದ್ದರು. ಓಣಿಯಲ್ಲಿ ಇನ್ನೊಬ್ಬರ ಮೇಲೆ ಕೋಪವಿರದ ಹೆಂಗಸು ಅವಳೊಬ್ಬಳೇ ಆಗಿದ್ದಳು.

ಆರೋಗ್ಯದ ಸಂಶೋಧನೆ ಮಾಡುವವರು ನಮ್ಮಲ್ಲಿಗೆ ಮೊದಲೂ ಬಂದಿದ್ದರು. ಹೊಳೆಯಾಚೆಯ ದೊಡ್ಡ ಊರಿನವರು. ಬಾಗಿಲಲ್ಲಿ ನಿಂತು ಎಲ್ಲಿ ನೋವು, ಎಷ್ಟು ದಿನದಿಂದ ನೋವು ಎಂದು ಕೇಳಿ, ಕೈಯಿಡದೆ, ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದರು. ಒಂದು ಸಲ ರಕ್ತವನ್ನೂ ತೆಗೆದುಕೊಂಡು ಹೋದರು. ಅದರಲ್ಲಿ ಏನು ಸಿಕ್ಕಿತು ಎಂದು ಹೇಳಲು ಯಾರೂ ತಿರುಗಿ ಬರಲಿಲ್ಲ. ಹಾಗಾಗಿ ಡಾಕ್ಟರ್ ಮೇದಿನಿ ಎಂಬ ಹುಡುಗಿ ಹೆಗಲಿಗೆ ಚೀಲ ಹಾಕಿಕೊಂಡು ಗಿರಣಿಯ ಮುಂದೆ ಬಂದು ನಿಂತಾಗ ನಾನು ಬೆಲ್ಟು ಹಾಕಿ ಗಿರಣಿ ಶುರು ಮಾಡಿದೆ. ಸದ್ದಿಗೆ ಹೆದರಿ ಹೋಗಲಿ ಎಂದು. ಅವಳು ಹಿಟ್ಟು ಬೀಸುವುದು ಮುಗಿಯುವವರೆಗೂ ಹಾಗೇ ನಿಂತಿದ್ದಳು. ತಲೆಯೆಲ್ಲ ಬೆಳ್ಳಗಾಗಿತ್ತು.

“ಡಾಕ್ಟರ್ ಬಾಯಾರ, ನಮ್ಮ ರಕ್ತ ಒಯ್ದವರು ಯಾರೂ ಹೊಳ್ಳಿ ಬಂದಿಲ್ಲ. ನೀವೂ ಒಯ್ಯಾಕ ಬಂದೀರೇನು?” ಎಂದು ಕೇಳಿದೆ.

“ಸದ್ಯಕ್ಕೆ ಏನೂ ಒಯ್ಯೋದಿಲ್ಲ. ಇಲ್ಲಿ ಹೇಗೆ ಕೇಳಬೇಕು ಅಂತ ಮೊದಲು ಕಲಿಸಿಕೊಡಿ,” ಎಂದಳು.

ಕಲಿಸಿದೆ. ನನ್ನ ಮಂಡಿನೋವು ಓಣಿಯಲ್ಲಿ ಹೆಸರುವಾಸಿ, ಯಾರೂ ಸುಲಭಕ್ಕೆ ಅದರ ತಂಟೆಗೆ ಬರುವುದಿಲ್ಲ. ಅದರ ಮೇಲೇ ಅವಳ ಕೈಯಿಡಿಸಿದೆ. ಎಲ್ಲಿ ನೋವು ಎಂದು ಕೇಳಿದವಳ ಮುಖದ ಬಣ್ಣವೇ ಹೋಯಿತು. ಕುಂಟುತ್ತ ಬಸ್ ಸ್ಟ್ಯಾಂಡಿನ ಕಡೆ ಹೊರಟವಳನ್ನು ನೋಡಿ ಓಣಿಯೆಲ್ಲ ನಕ್ಕಿತು, ನಾನೂ ನಕ್ಕೆ. ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಿದ್ದೆವು. ಮರುದಿನ ಬೆಳಿಗ್ಗೆ ಮತ್ತೆ ಬಂದು, ಸೀರೆಯ ನೆರಿಗೆ ಎತ್ತಿ ಹಿಡಿದು ಮೈಲಾರಪ್ಪನ ಮನೆಯ ಮೆಟ್ಟಿಲು ಹತ್ತಿದಳು. ಅವತ್ತಿನಿಂದ ನಾನು ಅವಳಿಗೆ ನೀವು ಎನ್ನುವುದನ್ನು ಬಿಟ್ಟೆ. ಅವಳು ನನ್ನನ್ನು ಅಕ್ಕಾ ಎಂದಳು.

ಗಿರಣಿಗೆ ರಜೆಯಿದ್ದ ದಿನ ಜೋಳದ ಚೀಲಗಳ ಮೇಲೆ ಕೂತು ಮಾತುಕತೆ ಮಾಡಿಕೊಂಡೆವು. ಕೇಳಿದವರು ಕೈಯಿಡಲೇಬೇಕು. ಏನನ್ನು ಹುಡುಕಬೇಕು ಎಂಬುದನ್ನು ನಾವೂ ಕೂತು ಹೇಳುತ್ತೇವೆ. ಸಿಕ್ಕಿದ್ದನ್ನು ದೊಡ್ಡ ಊರಿನವರಿಗೆ ಹೇಳುವ ಮೊದಲು ಇಲ್ಲಿ, ಯಾರ ಮೈಯೋ ಅವರಿಗೆ ಹೇಳಬೇಕು. ಮೇದಿನಿ ಎಲ್ಲದಕ್ಕೂ ಹೂಂ ಎಂದಳು. ಬೇಡ ಎಂದವರನ್ನು ಯಾರೂ ಒತ್ತಾಯಿಸಬಾರದು ಎಂಬ ಮಾತನ್ನು ಅವಳೇ ಸೇರಿಸಿದಳು. ಆಮೇಲೆ ಗಿರಣಿಯ ಗೋಡೆಯ ಮೇಲೆ ಓಣಿಯ ಚಿತ್ರ ಬರೆದೆವು. ಅವಳು ಬರೆದ ಓಣಿ ನೆಟ್ಟಗಿತ್ತು. ನಮ್ಮ ಓಣಿ ಅಷ್ಟು ನೆಟ್ಟಗಿಲ್ಲ ಎಂದು ಹೆಂಗಸರು ಅಳಿಸಿ ಅಳಿಸಿ ಸೊಟ್ಟ ಮಾಡಿದರು. ಯಾರ ಮನೆಯಲ್ಲಿ ಎಂಥ ನೋವಿದೆಯೋ ಅಲ್ಲಿ ಒಂದೊಂದು ಬಣ್ಣದ ಬೊಟ್ಟು.

ಮಳೆಗಾಲ ಮುಗಿಯುವ ಹೊತ್ತಿಗೆ ಗೋಡೆ ನೋಡಿದವರಿಗೆಲ್ಲ ಒಂದೇ ಸಂಗತಿ ಕಾಣುತ್ತಿತ್ತು. ಬಲಪಕ್ಕೆಯಲ್ಲಿ, ಎಲುಬಿನ ಕೆಳಗೆ, ಸಣ್ಣಗೆ ಚುಚ್ಚುವ ನೋವು. ಅದಕ್ಕೆ ಕೆಂಪು ಬೊಟ್ಟು ಇಟ್ಟಿದ್ದೆವು. ಟಾಕಿಯ ಸುತ್ತ ಗೋಡೆ ಕೆಂಪಗಾಗಿತ್ತು. ಟಾಕಿಯಿಂದ ದೂರ ಹೋದಂತೆ ಬೊಟ್ಟು ಕಡಿಮೆ. ಸ್ವಂತ ಬಾವಿಯಿದ್ದ ಮನೆಗಳಲ್ಲಿ ಒಂದೂ ಇಲ್ಲ. ಲೀಲಾಳ ಕೋಣೆಗೂ ಒಂದು ಬೊಟ್ಟಿತ್ತು, ಎಲ್ಲರ ಬೊಟ್ಟಿನಷ್ಟೇ ದೊಡ್ಡದು. “ಎಲ್ಲಾರಿಗೂ ಐತಿ, ನನಗೂ ಸ್ವಲ್ಪ ಐತಿ,” ಎಂದಿದ್ದಳು. ನನ್ನ ಪಕ್ಕೆಯಲ್ಲೂ ಇತ್ತು, ಮೇದಿನಿಗೂ ಬಂದಿತ್ತು. ಆ ನೀರು ವಾಸನೆ ಬರುತ್ತದೆ ಎಂದು ನಾವು ಎಷ್ಟೋ ವರ್ಷಗಳಿಂದ ಬಡಕೊಂಡಿದ್ದೆವು. ಪರೀಕ್ಷೆಗೆ ಕಳಿಸಿದ ನೀರು ಅಂಥಾ ಚೆನ್ನಾಗಿಯೂ ಇಲ್ಲ, ಅಂಥಾ ಕೆಟ್ಟದ್ದೂ ಅಲ್ಲ ಎಂದು ಉತ್ತರ ಬಂತು. ಕೊಳವೆ ಹಳೆಯದು, ತುಕ್ಕು ಹಿಡಿದಿದೆ ಎಂದೂ ಇತ್ತು. ನಮಗೆ ಅಷ್ಟು ಸಾಕಾಯಿತು.

ಓಣಿಗೆ ಓಣಿಯೇ ಮೇದಿನಿಯ ಜೊತೆ ನಗರಸಭೆಗೆ ಹೋಯಿತು. ನಾವಷ್ಟೇ ಹೋದಾಗ ಕೂರಲು ಹೇಳದವರು ಅವತ್ತು ಕುರ್ಚಿ ಹುಡುಕಿದರು. ಹಬ್ಬದ ಮೊದಲೇ ಬೇರೆ ಕಡೆಯಿಂದ ಹೊಸ ಕೊಳವೆ ಬಂತು, ಮನೆಮನೆಯ ಬಾಗಿಲಿಗೆ ನಳ ಬಂತು. ಟಾಕಿ ಮುಚ್ಚಿದರು. ಲೀಲಾ ತಾನೇ ಚಾವಿಗೆ ತಂತಿ ಸುತ್ತಿ ಬಂದಳು. ಬೇರೆ ಕೆಲಸ ಕೊಡುತ್ತೇವೆ, ಕೋಣೆ ಇರಲಿ ಎಂದು ನಗರಸಭೆಯವರು ಹೇಳಿದ್ದರು. ಓಣಿಗೆ ಒಳ್ಳೆಯದಾಗುವುದಾದರೆ ತನ್ನ ಕೆಲಸದ್ದೇನು ದೊಡ್ಡದು ಎಂದಳು ಅವಳು. ಅವಳ ಮಾತನ್ನು ನಾನೂ ಸಂತೋಷದಿಂದಲೇ ಕೇಳಿಸಿಕೊಂಡೆ.

ಕೆಲವೇ ದಿನಗಳಲ್ಲಿ ಬಲಪಕ್ಕೆಯ ನೋವು ಓಣಿ ಬಿಟ್ಟು ಹೋಯಿತು. ಒಬ್ಬೊಬ್ಬರೇ ಗಿರಣಿಗೆ ಬಂದು ತಮ್ಮ ಮನೆಯ ಕೆಂಪು ಬೊಟ್ಟನ್ನು ತಾವೇ ಸೆರಗಿನಿಂದ ಒರೆಸಿದರು. ಮೈಲಾರಪ್ಪ ಉಗುಳು ಹಚ್ಚಿ ಒರೆಸಿ ನನ್ನ ಕೈಲಿ ಬೈಸಿಕೊಂಡ. ಕಡೆಗೆ ಗೋಡೆಯ ಮೇಲೆ ಉಳಿದದ್ದು ಲೀಲಾಳ ಬೊಟ್ಟು ಒಂದೇ. ಗೋಧಿ ಹುಗ್ಗಿ ಮಾಡಿದ್ದೆವು. ಅವಳು ಒಂದು ತುತ್ತು ತಿಂದು ತಟ್ಟೆ ಕೆಳಗಿಟ್ಟಳು. ಬೊಟ್ಟು ಏಕೆ ಒರೆಸಲಿಲ್ಲ ಎಂದು ಮೇದಿನಿ ಕೇಳಿದ್ದಕ್ಕೆ, ನೋವು ಹೋಗಿಲ್ಲ, ಹೆಚ್ಚಾದ ಹಾಗಿದೆ ಎಂದಳು. ಆ ನೀರನ್ನು ಎಲ್ಲರಿಗಿಂತ ಹೆಚ್ಚು ಕುಡಿದವಳು ಅವಳು, ಇಳಿಯಲು ಹೆಚ್ಚು ದಿನ ಬೇಕು ಎಂದು ಮೇದಿನಿ ಸಮಾಧಾನ ಮಾಡಿದಳು. ಊರಿಂದ ಬಂದ ಕೂಡಲೇ ಸರಿಯಾಗಿ ನೋಡುತ್ತೇನೆ ಎಂದೂ ಹೇಳಿದಳು. ಮರುದಿನ ನಾವಿಬ್ಬರೂ ದೊಡ್ಡ ಊರಿಗೆ ಹೋಗುವುದಿತ್ತು. ಡಾಕ್ಟರುಗಳ ದೊಡ್ಡ ಸಭೆಯಲ್ಲಿ ಓಣಿಯವರೂ ಸಂಶೋಧಕರೂ ಕೂಡಿ ಹೇಗೆ ಕೆಲಸ ಮಾಡಿದೆವು ಎಂದು ನಾನು ಮಾತಾಡಬೇಕಿತ್ತು. ಹೊಸ ಸೀರೆ ಇಸ್ತ್ರಿಯಾಗಿತ್ತು. ನಾನು ಕೈಯಿಡಲು ಹೋದರೆ ಲೀಲಾ ನನ್ನ ಕೈ ಸರಿಸಿ, ಪ್ರಯಾಣದ ಹೊತ್ತಲ್ಲಿ ಪಾಲು ಬೇಡ, ಹೋಗಿ ಬಾ ಎಂದಳು. ಬಲಗಾಲು ಎಳೆಯುತ್ತ ಟಾಕಿಯ ಕಡೆ ನಡೆದು ಹೋದಳು.

ಬಸ್ಸು ಊರಾಚೆಯ ಸೇತುವೆ ದಾಟುವಾಗ ಮೇದಿನಿ ಕಿಟಕಿಯಿಂದ ಹೊಳೆ ನೋಡುತ್ತ ಖುಷಿಯಾಗಿದ್ದಳು.

“ಅಕ್ಕಾ, ಒಂದು ವಿಷಯ ಹೇಳೇ ಇಲ್ಲ ನಿಮಗೆ. ನನಗೂ ಪಕ್ಕೆನೋವು ಇತ್ತಲ್ಲ, ಊರಿಗೆ ಹೊರಟಾಗೆಲ್ಲ ಈ ಸೇತುವೆ ದಾಟಿದ ತಕ್ಷಣ ಮಾಯವಾಗ್ತಿತ್ತು. ಅದಕ್ಕೇ ನೀರಿನದ್ದೇ ತಪ್ಪು ಅಂತ ನನಗೆ ಖಾತ್ರಿಯಾಗಿದ್ದು.”

“ಸೇತುವೆ ದಾಟಿದ ಮ್ಯಾಲ ಪಾಲು ಎಲ್ಲಿ ನಿಲ್ತೈತಿ? ಯಾರದೋ ಅವರ ಮೈಗೆ ಹೋಗ್ತೈತಿ,” ಎಂದೆ ನಾನು. ಇದೇನು ಹೊಸ ಮಾತು ಎನ್ನುವ ಹಾಗೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ನನಗೂ ನಾನು ಹೇಳಿದ ಮಾತು ಕೇಳಿಸಿತು. ಓಣಿಯಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಸಂಗತಿ. ಅದನ್ನು ಅವಳಿಗೆ ಹೇಳಬೇಕು ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ, ಕೇಳಬೇಕು ಎಂದು ಅವಳಿಗೆ ಹೊಳೆದಿರಲಿಲ್ಲ. ಟಾಕಿಯ ಸುತ್ತ ಇದ್ದದ್ದು ನೀರಿನ ನೋವಲ್ಲ. ನೀರಿಗೆ ಬಂದವರೆಲ್ಲ ಕೊಡ ಇಟ್ಟು ಯಾರನ್ನು ಕೇಳುತ್ತಿದ್ದರೋ ಅವಳ ನೋವು. ಈಗ ಸಾಲಿಲ್ಲ, ಕೇಳುವವರಿಲ್ಲ. ಸಭೆಯ ಗಡಿಬಿಡಿಯಲ್ಲಿ ನಾನೂ ಕೇಳಿರಲಿಲ್ಲ. ಓಣಿಯ ಪಾಲೆಲ್ಲ ಲೀಲಾಳ ಮೈಗೆ ತಿರುಗಿ ಹೋಗಿತ್ತು. ಮೇದಿನಿ ಎದ್ದು ನಿಂತು ಬಸ್ಸು ನಿಲ್ಲಿಸಿ ಎಂದಳು. ಸೇತುವೆಯ ಆ ತುದಿಯಲ್ಲಿ ಇಳಿದು ಇಬ್ಬರೂ ನಡೆದೆವು, ಆಮೇಲೆ ಓಡಿದೆವು. ನನ್ನ ಮಂಡಿಗೆ ಆ ದಿನ ನನ್ನ ಮೇಲೆ ಕರುಣೆ ಬಂದಿರಬೇಕು.

ಕೋಣೆಯಲ್ಲಿ ಲೀಲಾ ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು ನೆಲದ ಮೇಲೆ ಮಲಗಿದ್ದಳು. ಬಾಯಿಯಲ್ಲಿ ಸೆರಗು ಕಚ್ಚಿಕೊಂಡಿದ್ದಳು. ನಾನು ಎಲ್ಲಿ ನೋವು ಎಂದು ಕೇಳಿ ಪಕ್ಕೆಯ ಮೇಲೆ ಕೈಯಿಟ್ಟೆ. ಮೂರು ಹೆತ್ತವಳು ನಾನು, ಗಿರಣಿಯ ಬೆಲ್ಟಿಗೆ ಬೆರಳು ಕೊಟ್ಟವಳು. ಅಂಥ ನೋವನ್ನು ನಾನು ಕಂಡಿರಲಿಲ್ಲ. ಅಲ್ಲೇ ಅವಳ ಪಕ್ಕದಲ್ಲಿ ಬಿದ್ದೆ. ಇಷ್ಟು ದಿನ ಇದನ್ನು ಒಬ್ಬಳೇ ಹೊತ್ತುಕೊಂಡು, ನೀರಿನ ವಿಷ ಇಳಿಯಲಿ ಎಂದು ಕಾಯುತ್ತ ಕೂತಿದ್ದಾಳಲ್ಲ ಎಂದು ನನ್ನನ್ನೇ ಬೈದುಕೊಂಡೆ. ಮೇದಿನಿ ಇನ್ನೊಂದು ಪಾಲು ತೆಗೆದುಕೊಂಡು, ಹಲ್ಲು ಕಚ್ಚಿಕೊಂಡೇ ಅವಳ ಹೊಟ್ಟೆ ಮುಟ್ಟಿ ನೋಡಿದಳು. ಬೆರಳು ಒಂದು ಕಡೆ ನಿಂತುಬಿಟ್ಟಿತು.

ದೊಡ್ಡ ಊರಿನಿಂದ ಯಂತ್ರ ತಂದು ಪರೀಕ್ಷೆ ಮಾಡಿದರು. ಉತ್ತರ ಬಂದ ದಿನ ಮೇದಿನಿ ನನ್ನನ್ನು ಹೊರಗೆ ಕರೆದಳು. ಒಳಗಿನಿಂದ ಲೀಲಾ, ಯಾರ ಮೈಯೋ ಅವರಿಗೇ ಮೊದಲು ಹೇಳಬೇಕು ಎಂದು ಮಾತಾಗಿದೆಯಲ್ಲ ಎಂದಳು. ಮೇದಿನಿ ಒಳಗೆ ಹೋಗಿ ಅವಳ ಮುಂದೆ ಕೂತು ಹೇಳಿದಳು. ಲಿವರಿನಲ್ಲಿ ಗಡ್ಡೆಯಿದೆ, ಬಹಳ ದಿನದಿಂದ ಬೆಳೆದಿದೆ. ನೋವು ತನ್ನಷ್ಟಕ್ಕೆ ಒಂದೇ ಮೈಯಲ್ಲಿ ಇದ್ದಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಈಗಲೂ ಹೊಳೆಯಾಚೆಯ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ನೋಡಬಹುದು. ಉಳಿದರೆ ಕೆಲವು ತಿಂಗಳು ಹೆಚ್ಚು ಸಿಗಬಹುದು, ಸಿಗದೆಯೂ ಇರಬಹುದು. ನೋವಿಗೆ ಔಷಧ ಕೊಡುತ್ತಾರೆ, ಆದರೆ ಇಲ್ಲಿಯ ಪಾಲು ಅಲ್ಲಿಗೆ ಮುಟ್ಟುವುದಿಲ್ಲ. ಇಷ್ಟನ್ನು ಹೇಳಲು ಆ ಹುಡುಗಿಗೆ ಬಹಳ ಹೊತ್ತು ಹಿಡಿಯಿತು.

ನಾನು ಹೋಗೋಣ ಎಂದೆ. ಗಾಡಿ ತರಿಸುತ್ತೇನೆ, ಗಿರಣಿಗೆ ಬೀಗ ಹಾಕಿ ನಾನೂ ಬರುತ್ತೇನೆ ಎಂದೆ. ಅವಳು ಇಲ್ಲ ಎಂದಳು. ನಾನು ಬೈದೆ, ಕಾಲು ಹಿಡಿದೆ, ಮತ್ತೆ ಬೈದೆ. ಕೆಲವು ತಿಂಗಳು ಎಂದರೆ ಸುಮ್ಮನೆಯೇ? ಅಷ್ಟು ದಿನ ನನ್ನ ತಂಗಿ ಇರುತ್ತಾಳೆ. ಅವಳ ನೋವಿಗೆ ಅವಳೊಬ್ಬಳೇ ಒಡತಿಯಾಗಿರಬಹುದು, ಅವಳಿಗೆ ನಾನೂ ಸ್ವಲ್ಪ ಒಡತಿಯಲ್ಲವೇ ಎಂದು ಕೂಗಾಡಿದೆ. ಓಣಿಯವರೆಲ್ಲ ಹೊರಗೆ ನಿಂತು ಕೇಳುತ್ತಿದ್ದರು.

“ಅಕ್ಕಾ, ಟಾಕಿ ಮುಚ್ಚಿದ ಮ್ಯಾಲ ಅಷ್ಟು ದಿನ ನಾ ಒಬ್ಬಾಕಿನ ಇದ್ನಿ. ಅದು ಹ್ಯಾಂಗಿರ್ತೈತಿ ಅಂತ ನೋಡಿಬಿಟ್ಟೇನಿ,” ಎಂದಳು ಲೀಲಾ. “ಮತ್ತ ಹಂಗ ಇರಾಕ ನನ್ನ ಕಡೆ ಆಗೂದಿಲ್ಲ. ನಾಕು ದಿನ ಕಡಿಮಿ ಆದ್ರ ಆಗ್ಲಿ. ನಾ ಇಲ್ಲೇ ಇರ್ತೀನಿ.”

ಅವಳು ಇಡೀ ಬದುಕಿನಲ್ಲಿ ನನ್ನ ಮಾತು ಮೀರಿದ್ದು ಅದೊಂದೇ ಸಲ. ನಾನು ಸೋತೆ. ಈಗಲೂ ಕೆಲವು ದಿನ, ಎತ್ತಿ ಗಾಡಿಗೆ ಹಾಕಿಕೊಂಡು ಹೋಗಬೇಕಿತ್ತು ಎನ್ನಿಸುತ್ತದೆ. ಕೆಲವು ದಿನ ಎನ್ನಿಸುವುದಿಲ್ಲ.

ಮರುದಿನ ಬೆಳಿಗ್ಗೆ ಬತ್ತಿದ ನಳಗಳ ಮುಂದೆ ಸಾಲು ನಿಂತಿತ್ತು. ಯಾರ ಕೈಯಲ್ಲೂ ಕೊಡವಿರಲಿಲ್ಲ. ಬಾವಿಯ ಮನೆಯವರೂ ಬಂದಿದ್ದರು. ಒಬ್ಬೊಬ್ಬರೇ ಒಳಗೆ ಹೋಗಿ ಕೇಳಿ, ಕೈಯಿಟ್ಟು, ಪಕ್ಕೆ ಹಿಡಿದುಕೊಂಡು ಹೊರಗೆ ಬರುತ್ತಿದ್ದರು. ಯಾರಿಗೆ ಎಷ್ಟು ತಡೆದೀತು, ಬಸುರಿಯರು ಬೇಡ, ಎದೆ ಸರಿಯಿಲ್ಲದವರು ಬೇಡ ಎಂದು ಮೇದಿನಿ ಬಾಗಿಲಲ್ಲಿ ನಿಂತು ನೋಡಿಕೊಂಡಳು. ತನಗೆ ಎದೆ ಸರಿಯಿದೆ ಎಂದು ಮೈಲಾರಪ್ಪ ಅವಳೊಂದಿಗೆ ವಾದಕ್ಕೆ ನಿಂತ. ಅವಳ ಸಂಸ್ಥೆಯವರು ಕೆಲಸ ಮುಗಿಯಿತಲ್ಲ, ತಿರುಗಿ ಬಾ ಎಂದು ಕರೆದಿದ್ದರಂತೆ. ಅವಳು ಹೋಗಲಿಲ್ಲ. ಹಬ್ಬಕ್ಕೆ ತಾಯಿಯ ಮನೆಗೂ ಹೋಗಲಿಲ್ಲ. ಸೇತುವೆ ದಾಟಿದರೆ ಅವಳ ಪಾಲು ಲೀಲಾಳ ಮೈಗೆ ಬೀಳುತ್ತಿತ್ತು.

ಹೀಗೆ ಹಂಚಿಹೋದ ಮೇಲೆ ಲೀಲಾಳಿಗೆ ಉಳಿದ ನೋವು ಸ್ವಲ್ಪವೇ. ಅವಳು ಎದ್ದು ಕೂತು ತಲೆ ಬಾಚಿಕೊಂಡಳು. ಸಾಲು ತಪ್ಪಿಸಿ ನುಗ್ಗಿದವರನ್ನು ಹಿಂದೆ ಕಳಿಸಿದಳು. ಮೈ ದಿನದಿನಕ್ಕೂ ಇಳಿಯುತ್ತಿತ್ತು, ಕಣ್ಣು ಹಳದಿಯಾಗುತ್ತಿತ್ತು, ಆದರೂ ಮಧ್ಯಾಹ್ನ ನಾನು ಹೋದರೆ ಓಣಿಯ ಸುದ್ದಿಯೆಲ್ಲ ಹೇಳಿ ನಗಿಸುತ್ತಿದ್ದಳು. ಸಣ್ಣವರಿದ್ದಾಗ ಒಂದೇ ಹಾಸಿಗೆಯಲ್ಲಿ ಮಲಗಿ ಆಡಿದ ಮಾತುಗಳನ್ನೆಲ್ಲ ಮತ್ತೆ ಆಡಿದೆವು. ಆ ದಿನಗಳಲ್ಲಿ ಟಾಕಿ ಓಣಿಯಲ್ಲಿ ಯಾರೂ ನೆಟ್ಟಗೆ ನಡೆಯುತ್ತಿರಲಿಲ್ಲ. ಹೊರಗಿನವರು ನೋಡಿದರೆ ಓಣಿಯವರಿಗೆಲ್ಲ ಒಂದೇ ಕಡೆ ಬಾಗುವ ರೋಗ ಬಂದಿದೆ ಎಂದುಕೊಳ್ಳಬೇಕು. ಒಬ್ಬರೂ ಗೊಣಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಗೊಣಗಿದರು. ಗೊಣಗಿ ಮರುದಿನ ಮತ್ತೆ ಸಾಲಿನಲ್ಲಿ ನಿಂತರು.

ಒಂದು ಮಧ್ಯಾಹ್ನ ನಾನು ಗಿರಣಿಯಲ್ಲಿ ಜೋಳ ಹಾಕುತ್ತಿದ್ದೆ. ಲೀಲಾಳ ಹತ್ತಿರ ಮೈಲಾರಪ್ಪನ ಹೆಂಡತಿ ಕೂತಿದ್ದಳು. ಮೇದಿನಿ ಊಟಕ್ಕೆಂದು ಬಂದು, ಚೀಲದ ಮೇಲೆ ವಾಲಿಕೊಂಡು, ರೊಟ್ಟಿ ಮುರಿಯುತ್ತಿದ್ದಳು. ಇದ್ದಕ್ಕಿದ್ದ ಹಾಗೆ ನನ್ನ ಮೈ ಹಗುರಾಯಿತು. ಎಷ್ಟೋ ವಾರದಿಂದ ಬಾಗಿದ್ದ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಉಸಿರು ಪೂರ್ತಿ ಒಳಗೆ ಹೋಯಿತು. ಏನು ಸುಖವಾಗಿತ್ತು ಅದು, ಹೇಳಲು ನಾಚಿಕೆಯಾಗುತ್ತದೆ. ಒಂದು ಗಳಿಗೆ ನನಗೆ ಏನೂ ತಿಳಿಯಲಿಲ್ಲ. ನೋಡಿದರೆ ಮೇದಿನಿಯ ಕೈ ರೊಟ್ಟಿ ಬಿಟ್ಟು ಬಲಪಕ್ಕೆಗೆ ಹೋಗಿತ್ತು. ಅಲ್ಲಿ ಒತ್ತಿದಳು, ಸ್ವಲ್ಪ ಕೆಳಗೆ ಒತ್ತಿದಳು, ಮತ್ತೆ ಒತ್ತಿದಳು. ಕಣ್ಣು ನನ್ನ ಮೇಲಿತ್ತು.

“ಅಕ್ಕಾ,” ಎಂದಳು, “ನನ್ನ ನೋವು ಹೋಯ್ತು.”

ನಾನು ಗಿರಣಿ ನಿಲ್ಲಿಸಿದೆ. ಹೊರಗೆ ಒಂದೊಂದೇ ಬಾಗಿಲು ತೆಗೆಯುವ ಸದ್ದು ಕೇಳಿಸಿತು. ಓಣಿಯ ಉದ್ದಕ್ಕೂ ಜನ ಮನೆಯಿಂದ ಹೊರಗೆ ಬಂದು, ಒಬ್ಬರ ಮುಖ ಒಬ್ಬರು ನೋಡುತ್ತ, ನೆಟ್ಟಗೆ ನಿಂತು ಅಳುತ್ತಿದ್ದರು.